ಭತ್ತದ ಕಟಾವು ಯಂತ್ರ: ಗಂಟೆ ಲೆಕ್ಕವೋ, ಎಕರೆ ಲೆಕ್ಕವೋ?

ದಾವಣಗೆರೆ, ಹರಿಹರ, ಮಲೇಬೆನ್ನೂರು ಸೀಮೆಯ ಭದ್ರಾ ಅಚ್ಚುಕಟ್ಟಿನಲ್ಲಿ ಬೇಸಿಗೆ ಭತ್ತ ಹಣ್ಣಾಗುತ್ತಿದ್ದಂತೆ ಕಟಾವು ಯಂತ್ರಗಳು ಊರೂರಿಗೆ ಬಂದು ನಿಲ್ಲುತ್ತವೆ. ಆಗ ಪ್ರತಿ ಮನೆಯಲ್ಲೂ ಏಳುವ ಪ್ರಶ್ನೆ ಒಂದೇ: ಯಂತ್ರವನ್ನು ಗಂಟೆ ಲೆಕ್ಕದಲ್ಲಿ ಕರೆಯುವುದೋ, ಎಕರೆಗೆ ಇಷ್ಟೆಂದು ಗುತ್ತಿಗೆ ಮಾತನಾಡುವುದೋ? ಮೋಡ ಕವಿದ ದಿನ ಲೆಕ್ಕ ಹಾಕಲು ಯಾರಿಗೂ ಪುರುಸೊತ್ತಿರುವುದಿಲ್ಲ. ಪಕ್ಕದ ಗದ್ದೆಯವರು ಹೇಗೆ ಮಾತನಾಡಿದರೋ ನಾವೂ ಹಾಗೆಯೇ ಮಾತನಾಡಿ ಮುಗಿಸುತ್ತೇವೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತ, ಮನೆಯ ಗದ್ದೆಯನ್ನೂ ನೋಡಿಕೊಳ್ಳುವ ನನಗೆ ಇದು ಬಹಳ ದಿನ ಕಾಡಿದ ವಿಷಯ. ಹತ್ತನೆಯ ತರಗತಿಯ ಮಕ್ಕಳಿಗೆ ‘ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿ’ ಎಂಬ ಪಾಠವನ್ನು ವರ್ಷ ವರ್ಷವೂ ಮಾಡುವ ನಾನು, ಅದೇ ಪಾಠವನ್ನು ನಮ್ಮ ಬದುವಿನ ಮೇಲೆ ನಿಂತು ಬಳಸಿರಲಿಲ್ಲ. ಬಳಸಲು ತೊಡಗಿದ ಮೇಲೆ ತಿಳಿದುಬಂದದ್ದನ್ನು ಇಲ್ಲಿ ಬರೆದಿದ್ದೇನೆ.

ಯಂತ್ರದ ದರ ಊರಿಂದ ಊರಿಗೆ, ಹಂಗಾಮಿನಿಂದ ಹಂಗಾಮಿಗೆ ಬದಲಾಗುತ್ತದೆ. ಆದ್ದರಿಂದ ಮುಂದಿನ ದರಗಳನ್ನು ಲೆಕ್ಕಕ್ಕೆಂದು ಹಿಡಿದವು ಎಂದು ತಿಳಿದು, ಅವುಗಳ ಜಾಗದಲ್ಲಿ ನಿಮ್ಮ ಊರಿನ ದರವನ್ನು ಇಟ್ಟುಕೊಳ್ಳಬೇಕು. ಗಂಟೆಗೆ 2,400 ರೂಪಾಯಿ, ಅಂದರೆ ನಿಮಿಷಕ್ಕೆ 40 ರೂಪಾಯಿ ಒಂದು ದರ. ಎಕರೆಗೆ 2,600 ರೂಪಾಯಿ ಇನ್ನೊಂದು ದರ. ಎರಡರಲ್ಲೂ ಡೀಸೆಲ್ ಮತ್ತು ಚಾಲಕನ ಕೂಲಿ ಸೇರಿದೆ ಎಂದು ಇಟ್ಟುಕೊಳ್ಳೋಣ. ಡೀಸೆಲ್ ಯಾರದ್ದೆಂಬುದನ್ನು ದರ ಕೇಳುವಾಗಲೇ ಕೇಳದಿದ್ದರೆ ಮುಂದಿನ ಲೆಕ್ಕಕ್ಕೆಲ್ಲ ಅರ್ಥವಿರುವುದಿಲ್ಲ.

2,400 ಚಿಕ್ಕದು, 2,600 ದೊಡ್ಡದು ಎಂದು ನೋಡಿ ಗಂಟೆ ಲೆಕ್ಕವೇ ಅಗ್ಗ ಎನ್ನುವವರು ಅನೇಕರಿದ್ದಾರೆ. ಆದರೆ ಈ ಎರಡು ಸಂಖ್ಯೆಗಳನ್ನು ಹಾಗೆ ಪಕ್ಕಪಕ್ಕದಲ್ಲಿಟ್ಟು ನೋಡಲು ಬರುವುದಿಲ್ಲ, ಏಕೆಂದರೆ ಒಂದು ಕಾಲವನ್ನು ಅಳೆಯುತ್ತದೆ, ಇನ್ನೊಂದು ನೆಲವನ್ನು ಅಳೆಯುತ್ತದೆ. ಎರಡನ್ನೂ ಒಂದೇ ತಕ್ಕಡಿಗೆ ತರುವ ಅಳತೆಯೆಂದರೆ ‘ಒಂದು ಎಕರೆ ಕೊಯ್ಯಲು ಹಿಡಿಯುವ ನಿಮಿಷ’. ಅದನ್ನು ‘ನ’ ಎಂದೂ, ಎಕರೆಗೆ ಬೀಳುವ ಖರ್ಚನ್ನು ‘ಖ’ ಎಂದೂ ಕರೆದರೆ ಎರಡು ಸಮೀಕರಣಗಳು ಸಿಗುತ್ತವೆ.

ಗಂಟೆ ಲೆಕ್ಕ: ಖ = 40 × ನ
ಎಕರೆ ಲೆಕ್ಕ: ಖ = 2,600

ನಕ್ಷೆಯಲ್ಲಿ ಮೊದಲನೆಯದು ಮೂಲಬಿಂದುವಿನಿಂದ ಹೊರಟು ಏರುತ್ತಾ ಹೋಗುವ ಗೆರೆ, ಎರಡನೆಯದು ಏರದೆ ಇಳಿಯದೆ ಅಡ್ಡಲಾಗಿ ಸಾಗುವ ಗೆರೆ. 40 × ನ = 2,600 ಆಗುವುದು ನ = 65 ಆದಾಗ; ಎರಡು ಗೆರೆಗಳು ಅಲ್ಲಿ ಒಂದನ್ನೊಂದು ಛೇದಿಸುತ್ತವೆ. ಎಕರೆಯೊಂದು 65 ನಿಮಿಷದೊಳಗೆ ಮುಗಿಯುವ ಗದ್ದೆಗೆ ಗಂಟೆ ಲೆಕ್ಕ ಅಗ್ಗ, ಅದಕ್ಕಿಂತ ಹೆಚ್ಚು ಹಿಡಿಯುವ ಗದ್ದೆಗೆ ಎಕರೆ ಲೆಕ್ಕ ಅಗ್ಗ. ದರ ಯಾವುದೇ ಇರಲಿ, ಎಕರೆ ದರವನ್ನು ನಿಮಿಷದ ದರದಿಂದ ಭಾಗಿಸಿದರೆ ಈ ಛೇದನ ಬಿಂದು ಸಿಗುತ್ತದೆ. ಹಾಗಾಗಿ ಯಂತ್ರದವರ ಜೊತೆ ಮಾತಿಗೆ ಕೂರುವ ಮುನ್ನ ನಮಗೆ ತಿಳಿದಿರಬೇಕಾದದ್ದು ನಮ್ಮ ಗದ್ದೆ ಎಕರೆಗೆ ಎಷ್ಟು ನಿಮಿಷ ಬೇಡುತ್ತದೆ ಎಂಬ ಒಂದೇ ಸಂಗತಿ. ಅದನ್ನು ಹೇಳಬಲ್ಲವರು ಗದ್ದೆಯವರೇ ಹೊರತು ಯಂತ್ರದವರಲ್ಲ.

ಗದ್ದೆಯ ಆಕಾರವೇ ದರ

ಯಂತ್ರದ ಕೊಯ್ಯುವ ಅಗಲ 2 ಮೀಟರ್, ನಡಿಗೆ ಗಂಟೆಗೆ 3 ಕಿಲೋಮೀಟರ್, ಅಂದರೆ ನಿಮಿಷಕ್ಕೆ 50 ಮೀಟರ್ ಎಂದಿಟ್ಟುಕೊಳ್ಳೋಣ. ಒಂದು ಎಕರೆಯೆಂದರೆ 40 ಗುಂಟೆ, ಸುಮಾರು 4,000 ಚದರ ಮೀಟರ್. 2 ಮೀಟರ್ ಅಗಲದ ಪಟ್ಟಿಯಾಗಿ ಇದನ್ನು ಕೊಯ್ಯಲು ಯಂತ್ರ 2,000 ಮೀಟರ್ ನಡೆಯಬೇಕು. ಅದಕ್ಕೆ ಬೇಕಾದದ್ದು 40 ನಿಮಿಷ. ಈ 40 ನಿಮಿಷ ಗದ್ದೆ ಹೇಗೇ ಇರಲಿ ತಪ್ಪುವುದಿಲ್ಲ. ಗದ್ದೆಯಿಂದ ಗದ್ದೆಗೆ ಬೇರೆಯಾಗುವುದು ಪಟ್ಟಿಯ ಕೊನೆಯಲ್ಲಿ ತಿರುಗಲು ಹೋಗುವ ಸಮಯ.

100 ಮೀಟರ್ ಉದ್ದ, 40 ಮೀಟರ್ ಅಗಲದ ಒಂದೇ ತಾಕಿದ್ದರೆ ಯಂತ್ರ 20 ಬಾರಿ ಓಡುತ್ತದೆ, ಸುಮಾರು 20 ಬಾರಿ ತಿರುಗುತ್ತದೆ. ಒಂದು ತಿರುವಿಗೆ ಅರ್ಧ ನಿಮಿಷದಂತೆ 10 ನಿಮಿಷ ಸೇರಿ ಎಕರೆಗೆ 50 ನಿಮಿಷವಾಯಿತು. ಅದೇ ಎಕರೆ ಹತ್ತು ಹತ್ತು ಗುಂಟೆಯ ನಾಲ್ಕು ತಾಕುಗಳಾಗಿ, ಒಂದೊಂದೂ 40 ಮೀಟರ್ ಉದ್ದ, 25 ಮೀಟರ್ ಅಗಲವಿದ್ದರೆ, ಪ್ರತಿ ತಾಕಿನಲ್ಲಿ 13 ಓಟ, 12 ತಿರುವು. ನಾಲ್ಕರಿಂದ 48 ತಿರುವು, ಅಂದರೆ 24 ನಿಮಿಷ. ತಾಕಿನಿಂದ ತಾಕಿಗೆ ಬದು ದಾಟಲು ಎರಡೆರಡು ನಿಮಿಷದಂತೆ ಇನ್ನೂ 6 ನಿಮಿಷ. ಒಟ್ಟು 70 ನಿಮಿಷ. ಭತ್ತ ಅದೇ, ಯಂತ್ರ ಅದೇ, ಎಕರೆಯೂ ಅದೇ. ಗಂಟೆ ಲೆಕ್ಕದಲ್ಲಿ ಮೊದಲನೆಯದಕ್ಕೆ 2,000 ರೂಪಾಯಿ, ಎರಡನೆಯದಕ್ಕೆ 2,800 ರೂಪಾಯಿ. ಎಕರೆ ಲೆಕ್ಕದ 2,600 ಇವೆರಡರ ನಡುವೆ ನಿಂತಿದೆ. ಅಣ್ಣತಮ್ಮಂದಿರ ನಡುವೆ ಭಾಗವಾಗಿ ತುಂಡಾದ ಗದ್ದೆಗಳೇ ಹೆಚ್ಚಿರುವ ಊರಿನಲ್ಲಿ ಪಕ್ಕದವರ ಅನುಭವವನ್ನು ನಮ್ಮ ಗದ್ದೆಗೆ ಹಚ್ಚಲು ಬಾರದಿರುವುದು ಈ ಕಾರಣಕ್ಕೆ.

ಗಾಳಿಮಳೆಗೆ ಪೈರು ಮಲಗಿದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಮಲಗಿದ ತೆನೆಯನ್ನು ಎತ್ತಿ ಕೊಯ್ಯಲು ಯಂತ್ರ ಒಂದೇ ದಿಕ್ಕಿನಿಂದ ನುಗ್ಗಬೇಕಾಗುತ್ತದೆ; ಪ್ರತಿ ಓಟದ ನಂತರ ಕೊಯ್ಯದೆ ಬರಿದೇ ಹಿಂದಕ್ಕೆ ಬರಬೇಕು, ನಡಿಗೆಯನ್ನೂ ತಗ್ಗಿಸಬೇಕು. ಎಕರೆಗೆ 90 ನಿಮಿಷ ಹಿಡಿದರೆ ಗಂಟೆ ಲೆಕ್ಕದ ಖರ್ಚು 3,600 ರೂಪಾಯಿ. ಹೀಗೆ ನೋಡಿದರೆ ಎಕರೆ ಲೆಕ್ಕವು ಒಂದು ಬಗೆಯ ವಿಮೆಯೂ ಹೌದು, ಆದರೆ ಪೈರು ನಿಂತಿರುವಾಗಲೇ ಮಾತು ಆಗಿದ್ದರೆ ಮಾತ್ರ. ಮಲಗಿದ ಗದ್ದೆಯನ್ನು ಕಣ್ಣಾರೆ ಕಂಡ ಮೇಲೆ ಹಳೆಯ ಎಕರೆ ದರಕ್ಕೆ ಯಾವ ಯಂತ್ರದವರೂ ಒಪ್ಪುವುದಿಲ್ಲ, ಒಪ್ಪಬೇಕೆನ್ನುವುದು ನ್ಯಾಯವೂ ಅಲ್ಲ.

ಸಣ್ಣ ಹಿಡುವಳಿಯವರು ಗಮನಿಸಬೇಕಾದ ಸ್ಥಿರ ಪದ

ಇಲ್ಲಿಯವರೆಗೆ ಕೊಯ್ಲಿನ ಸಮಯವನ್ನಷ್ಟೇ ಎಣಿಸಿದೆವು. ಆದರೆ ಗಂಟೆ ಲೆಕ್ಕದ ಮೀಟರು ಓಡಲು ಆರಂಭಿಸುವುದು ಸಾಮಾನ್ಯವಾಗಿ ಅದಕ್ಕೂ ಮುಂಚೆ, ಯಂತ್ರ ರಸ್ತೆಯಿಂದ ಗದ್ದೆಗೆ ಇಳಿಯುವಾಗಲೇ. ದಾರಿ ಬಿಡಿಸಿಕೊಂಡು ಒಳಬರುವುದು, ಕೊನೆಗೆ ಹೊರಹೋಗುವುದು, ಇವು ಗದ್ದೆ ಅರ್ಧ ಎಕರೆಯಿರಲಿ ಐದು ಎಕರೆಯಿರಲಿ ಹೆಚ್ಚು ಕಡಿಮೆ ಒಂದೇ ಸಮ. ಗಣಿತದಲ್ಲಿ ಇದಕ್ಕೆ ಸ್ಥಿರ ಪದ ಎನ್ನುತ್ತೇವೆ, ಮತ್ತು ಸಣ್ಣ ಹಿಡುವಳಿಯವರ ಮೇಲೆ ಹೆಚ್ಚು ಭಾರ ಬೀಳುವುದು ಇದರಿಂದಲೇ.

ಈ ಸ್ಥಿರ ಪದವನ್ನು ಹಿಂದಿನ ಹಂಗಾಮುಗಳ ಎರಡು ಬಾಡಿಗೆ ಚೀಟಿಗಳಿಂದ ಕಂಡುಹಿಡಿಯಬಹುದು. ಒಂದೇ ಬಗೆಯ ಎರಡು ಗದ್ದೆಗಳಲ್ಲಿ ಅರ್ಧ ಎಕರೆಗೆ 40 ನಿಮಿಷ, ಒಂದೂವರೆ ಎಕರೆಗೆ 90 ನಿಮಿಷ ಹಿಡಿದಿತ್ತು ಎನ್ನಿ. ಸ್ಥಿರ ನಿಮಿಷವನ್ನು ‘ಸ’ ಎಂದೂ, ಎಕರೆಗೆ ಕೊಯ್ಲಿನ ನಿಮಿಷವನ್ನು ‘ನ’ ಎಂದೂ ಕರೆದರೆ:

ಸ + 0.5 × ನ = 40
ಸ + 1.5 × ನ = 90

ಕೆಳಗಿನದರಿಂದ ಮೇಲಿನದನ್ನು ಕಳೆದರೆ ‘ಸ’ ಹೊರಟುಹೋಗಿ ನ = 50 ಎಂದು ಉಳಿಯುತ್ತದೆ; ಅದನ್ನು ಮೊದಲನೆಯದರಲ್ಲಿ ಇಟ್ಟರೆ ಸ = 15. ಶಾಲೆಯಲ್ಲಿ ವರ್ಜಿಸುವ ವಿಧಾನ ಎಂದು ಕಲಿಸುವುದು ಇದನ್ನೇ. ಮನೆಯಲ್ಲಿ ಹತ್ತನೆಯ ತರಗತಿಯ ಮಗುವಿದ್ದರೆ ಹಳೆಯ ಚೀಟಿಗಳನ್ನು ಅದರ ಕೈಗೆ ಕೊಡಿ. ಪಾಠದಲ್ಲಿ ಬರುವ ಪೆನ್ನು ಪೆನ್ಸಿಲುಗಳ ಬೆಲೆಗಿಂತ ಈ ಲೆಕ್ಕಕ್ಕೆ ಮಗು ಹೆಚ್ಚು ಮನಸ್ಸು ಕೊಡುವುದನ್ನು ನಾನು ಕಂಡಿದ್ದೇನೆ.

ಈಗ ವಿಸ್ತೀರ್ಣವನ್ನೇ ಚರಾಕ್ಷರ ಮಾಡಿ, ‘ಎ’ ಎಕರೆಯ ಒಟ್ಟು ಖರ್ಚನ್ನು ಬರೆಯೋಣ.

ಗಂಟೆ ಲೆಕ್ಕ: ಖ = 40 × (15 + 50 × ಎ) = 600 + 2,000 × ಎ
ಎಕರೆ ಲೆಕ್ಕ: ಖ = 2,600 × ಎ

ಇವೆರಡೂ ಸಮವಾಗುವುದು 600 = 600 × ಎ ಆದಾಗ, ಅಂದರೆ ಸರಿಯಾಗಿ ಒಂದು ಎಕರೆಯಲ್ಲಿ. ಇಪ್ಪತ್ತು ಗುಂಟೆಯವರಿಗೆ ಗಂಟೆ ಲೆಕ್ಕದಲ್ಲಿ 1,600, ಎಕರೆ ಲೆಕ್ಕದಲ್ಲಿ 1,300 ರೂಪಾಯಿ. ಮೂರು ಎಕರೆಯವರಿಗೆ ಗಂಟೆ ಲೆಕ್ಕದಲ್ಲಿ 6,600, ಎಕರೆ ಲೆಕ್ಕದಲ್ಲಿ 7,800. ದರಗಳು ಎಲ್ಲರಿಗೂ ಒಂದೇ ಆಗಿದ್ದರೂ ಸರಿಯಾದ ಆಯ್ಕೆ ಇಬ್ಬರಿಗೂ ಒಂದೇ ಆಗಲಿಲ್ಲ.

ತುಂಡು ತಾಕಿನ ಗದ್ದೆಗೆ ಇದೇ ಲೆಕ್ಕ ಹಾಕಿದರೆ ಗಂಟೆ ಲೆಕ್ಕದ ಸಮೀಕರಣ 600 + 2,800 × ಎ ಆಗುತ್ತದೆ. ಅದನ್ನು 2,600 × ಎ ಜೊತೆ ಸಮಮಾಡಿದರೆ ಎ = −3 ಎಂಬ ಉತ್ತರ ಬರುತ್ತದೆ. ಮಕ್ಕಳು ಇಂಥ ಉತ್ತರ ಕಂಡೊಡನೆ ಲೆಕ್ಕ ತಪ್ಪಾಯಿತೆಂದು ಅಳಿಸಿಬಿಡುತ್ತಾರೆ. ಲೆಕ್ಕ ತಪ್ಪಿಲ್ಲ, ಎರಡು ಗೆರೆಗಳು ಸೊನ್ನೆಯ ಎಡಕ್ಕೆ, ನೆಲವೇ ಇಲ್ಲದ ಕಡೆ ಸೇರುತ್ತವೆ ಎಂದು ಅದು ಹೇಳುತ್ತಿದೆ. ಸೊನ್ನೆಯ ಬಲಕ್ಕೆ, ಅಂದರೆ ನಿಜವಾದ ಯಾವ ಗದ್ದೆಗೂ, ಅವು ಸೇರುವುದಿಲ್ಲ. ತಾಕುಗಳು ಅಷ್ಟು ಚಿಕ್ಕದಾಗಿದ್ದರೆ ಎಷ್ಟೇ ಎಕರೆಯಿದ್ದರೂ ಎಕರೆ ಲೆಕ್ಕವೇ ಅಗ್ಗ ಎಂಬುದು ಆ ಋಣ ಚಿಹ್ನೆಯ ಅರ್ಥ.

ಸ್ಥಿರ ಪದದ ಭಾರ ಇಳಿಸಲು ಹಳ್ಳಿಯವರಿಗೆ ಗೊತ್ತಿರುವ ಹಳೆಯ ದಾರಿಯೊಂದಿದೆ, ಅದು ಮುಯ್ಯಿ. ಒತ್ತೊತ್ತಿನ ನಾಲ್ವರಿಗೆ ತಲಾ ಮೂವತ್ತು ಗುಂಟೆಯ ಒಳ್ಳೆಯ ಉದ್ದನೆಯ ತಾಕುಗಳಿವೆ ಎನ್ನಿ. ಒಬ್ಬೊಬ್ಬರೇ ಬೇರೆ ಬೇರೆ ದಿನ ಗಂಟೆ ಲೆಕ್ಕದಲ್ಲಿ ಯಂತ್ರ ಕರೆದರೆ ತಲಾ 600 + 1,500 = 2,100, ನಾಲ್ವರಿಂದ 8,400 ರೂಪಾಯಿ. ಎಕರೆ ಲೆಕ್ಕದಲ್ಲಿ ಮೂರು ಎಕರೆಗೆ 7,800. ನಾಲ್ವರೂ ಸೇರಿ ಒಂದೇ ದಿನ ಕರೆದರೆ 15 ನಿಮಿಷದ ಸ್ಥಿರ ಪದ ಒಮ್ಮೆ ಮಾತ್ರ ಬೀಳುತ್ತದೆ, ಒಟ್ಟು 6,600. ತಲಾ 1,650 ರೂಪಾಯಿಗೆ ಕೆಲಸವಾಯಿತು. ನಾಟಿಯ ಕಾಲಕ್ಕೆ ಒಬ್ಬರ ಗದ್ದೆಗೆ ಇನ್ನೊಬ್ಬರು ಇಳಿಯುತ್ತಿದ್ದ ಪದ್ಧತಿ ಯಂತ್ರದ ಕಾಲದಲ್ಲಿ ನಿಂತುಹೋಗಬೇಕಿಲ್ಲ. ಆದರೆ ನಾಲ್ವರ ಭತ್ತವೂ ಒಂದೇ ವಾರದಲ್ಲಿ ಹಣ್ಣಾಗಬೇಕಾದರೆ ತಳಿಯನ್ನೂ ನಾಟಿಯ ದಿನವನ್ನೂ ಮುಂಚಿತವಾಗಿ ಮಾತನಾಡಿಕೊಂಡಿರಬೇಕು.

ಚುಕ್ಕೆಯಲ್ಲಿ ಸೋರುವ ಹಣ

ಸಮೀಕರಣ ಸರಿಯಿದ್ದೂ ಅದಕ್ಕೆ ಇಡುವ ಸಂಖ್ಯೆ ತಪ್ಪಿದರೆ ಪ್ರಯೋಜನವಿಲ್ಲ. ಯಂತ್ರದ ಅವರ್ ಮೀಟರ್ ಗಂಟೆಯನ್ನು ಹತ್ತನೆಯ ಭಾಗಗಳಲ್ಲಿ ತೋರಿಸುತ್ತದೆ. ಒಂದು ಭಾಗವೆಂದರೆ 6 ನಿಮಿಷ. ಮೀಟರು 1.3 ಮುಂದೆ ಹೋಗಿದ್ದರೆ ಅದು 1 ಗಂಟೆ 18 ನಿಮಿಷ. ಅದನ್ನು ಒಂದೂವರೆ ಗಂಟೆ, ಇಲ್ಲವೇ ‘ಒಂದು ಗಂಟೆ ಮೂವತ್ತು’ ಎಂದು ಓದಿದವರು 12 ನಿಮಿಷಕ್ಕೆ 480 ರೂಪಾಯಿ ಹೆಚ್ಚು ಕೊಟ್ಟಂತಾಯಿತು. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲೇ ಹೀಗಾಗಿದೆ. ಚಾಲಕನೂ ಹಾಗೆಯೇ ಓದಿದ್ದ, ನಾವೂ ಹಾಗೆಯೇ ಓದಿದ್ದೆವು, ಯಾರಿಗೂ ಅನುಮಾನ ಬಂದಿರಲಿಲ್ಲ.

ಎಕರೆ ಲೆಕ್ಕದಲ್ಲಿ ಇದರ ಅವಳಿ ತಪ್ಪು ಪಹಣಿಯಲ್ಲಿದೆ. ಪಹಣಿಯಲ್ಲಿ 2-20 ಎಂದರೆ 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ 2.20 ಎಂದು ಒತ್ತಿ 2,600ರಿಂದ ಗುಣಿಸಿದರೆ 5,720 ಬರುತ್ತದೆ. ನಿಜವಾಗಿ ಸಲ್ಲಬೇಕಾದದ್ದು 6,500. ಇಲ್ಲಿ ನಷ್ಟ ಯಂತ್ರದವರದ್ದು, ಅದೂ ಆಗಬಾರದು. ಇನ್ನೊಂದು ಕಡೆ, ಪಹಣಿಯ ವಿಸ್ತೀರ್ಣದಲ್ಲಿ ಬದುವೂ ಖರಾಬೂ ಸೇರಿರುತ್ತದೆ. ಬೆಳೆಯಿಲ್ಲದ 5 ಗುಂಟೆಗೂ ಎಕರೆ ದರ ಕೊಟ್ಟರೆ ಗುಂಟೆಗೆ 65ರಂತೆ 325 ರೂಪಾಯಿ ಹೆಚ್ಚಿಗೆ ಹೋಗುತ್ತದೆ. ಬೆಳೆಯಿರುವ ನೆಲವನ್ನು ಒಮ್ಮೆ ಟೇಪು ಹಿಡಿದು ಅಳೆದು ಬರೆದಿಟ್ಟರೆ ಪ್ರತಿ ಹಂಗಾಮಿಗೂ ಅದೇ ಸಾಕು.

ಕೆಳಗೆ ಬಿದ್ದ ಕಾಳೂ ಸಮೀಕರಣದೊಳಗಿರಬೇಕು

ಎರಡು ಲೆಕ್ಕಗಳು ಯಂತ್ರವನ್ನು ಬೇರೆ ಬೇರೆ ರೀತಿಯಲ್ಲಿ ಓಡಿಸುತ್ತವೆ. ಎಕರೆ ಲೆಕ್ಕದಲ್ಲಿ ಬೇಗ ಮುಗಿಸಿದಷ್ಟೂ ಯಂತ್ರದವರಿಗೆ ಲಾಭ, ಗಂಟೆ ಲೆಕ್ಕದಲ್ಲಿ ಅವರಿಗೆ ಆ ಅವಸರವಿರುವುದಿಲ್ಲ. ಜತನದಿಂದ ಓಡಿಸುವ ಚಾಲಕರು ಎರಡೂ ಕಡೆ ಇದ್ದಾರೆ, ಆದರೂ ಅವಸರದ ಕಡೆಗೆ ಎಳೆಯುವ ಲೆಕ್ಕ ಯಾವುದೆಂಬುದು ನಮಗೆ ತಿಳಿದಿರಬೇಕು. ಯಂತ್ರದ ನಡಿಗೆ ಮಿತಿಮೀರಿದಂತೆ ಒಳಗೆ ಹೋಗುವ ಹುಲ್ಲು ಹೆಚ್ಚಾಗಿ, ಪೂರ್ತಿ ಬೇರ್ಪಡದ ಕಾಳು ಹುಲ್ಲಿನ ಜೊತೆ ಹಿಂದೆ ಬೀಳುತ್ತದೆ.

ಎಕರೆಗೆ 25 ಕ್ವಿಂಟಲ್ ಇಳುವರಿ ಎನ್ನಿ. ಶೇಕಡಾ 1ರಷ್ಟು ಹೆಚ್ಚು ಕಾಳು ಬಿದ್ದರೆ ಅದು 25 ಕೆಜಿ. ಸಾಮಾನ್ಯ ಭತ್ತಕ್ಕೆ 2025-26ರ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಆ ಬೆಲೆಯಲ್ಲಿ 25 ಕೆಜಿಗೆ ಸುಮಾರು 592 ರೂಪಾಯಿ. ಅವಸರದಿಂದ ಬೀಳುವ ಹೆಚ್ಚುವರಿ ನಷ್ಟವನ್ನು ‘ಶ’ ಶೇಕಡಾ ಎಂದು ಕರೆದರೆ ಎಕರೆ ಲೆಕ್ಕದ ನಿಜವಾದ ಖರ್ಚು ಹೀಗಾಗುತ್ತದೆ:

ಖ = 2,600 + 592 × ಶ

ಇದನ್ನು 40 × ನ ಜೊತೆ ಸಮಮಾಡಿದರೆ ನ = 65 + 14.8 × ಶ. ಅಂದರೆ ಪ್ರತಿ ಶೇಕಡಾ ನಷ್ಟಕ್ಕೂ ಛೇದನ ಬಿಂದು ಸುಮಾರು 15 ನಿಮಿಷದಷ್ಟು ಬಲಕ್ಕೆ ಸರಿಯುತ್ತದೆ. ಎಕರೆಗೆ 70 ನಿಮಿಷ ಬೇಡುವ ತುಂಡು ತಾಕಿನ ಗದ್ದೆಯಲ್ಲಿ, ಸ್ಥಿರ ಪದವನ್ನು ಬದಿಗಿಟ್ಟರೆ, ಎಕರೆ ಲೆಕ್ಕದಿಂದ ಉಳಿಯುವುದು 200 ರೂಪಾಯಿ. ಬರೀ ಎಂಟೂವರೆ ಕೆಜಿ ಕಾಳು ಹೆಚ್ಚು ಬಿದ್ದರೆ ಆ ಉಳಿತಾಯ ಮಣ್ಣುಪಾಲು. ಬಾಡಿಗೆಯಲ್ಲಿ ನೂರಿನ್ನೂರು ಚೌಕಾಸಿ ಮಾಡಿ ಗದ್ದೆಯ ಕಡೆ ಬೆನ್ನು ತಿರುಗಿಸಿ ನಿಲ್ಲುವವರನ್ನು ಕಂಡಾಗಲೆಲ್ಲ ನನಗೆ ಈ ಸಮೀಕರಣ ನೆನಪಾಗುತ್ತದೆ.

ನಷ್ಟ ಅಳೆಯಲು ಒಂದು ಅಡಿ ಉದ್ದಗಲದ ಚೌಕಟ್ಟು ಸಾಕು. ದಪ್ಪ ಭತ್ತದ 1,000 ಕಾಳು ಸುಮಾರು 25 ಗ್ರಾಂ ತೂಗುತ್ತದೆ. ಎಕರೆಗೆ 25 ಕೆಜಿ ಬಿದ್ದಿದೆಯೆಂದರೆ ಚದರ ಅಡಿಗೆ ಸುಮಾರು 23 ಕಾಳು. 1,000 ಕಾಳು 15 ಗ್ರಾಂ ಆಸುಪಾಸು ತೂಗುವ ಸಣ್ಣ ಭತ್ತವಾದರೆ ಅದೇ ತೂಕಕ್ಕೆ 38 ಕಾಳು. ಯಂತ್ರ ಹೋದ ಪಟ್ಟಿಯ ಮಧ್ಯದಲ್ಲಿ ಹುಲ್ಲು ಬೀಳುವ ಕಡೆ ಕಾಳು ಹೆಚ್ಚು, ಅಂಚಿನಲ್ಲಿ ಕಡಿಮೆ ಇರುವುದರಿಂದ ಅಡ್ಡಲಾಗಿ ನಾಲ್ಕೈದು ಕಡೆ ಎಣಿಸಿ ಸರಾಸರಿ ತೆಗೆಯಬೇಕು. ಕೊಯ್ಯದ ಕಡೆಯೂ ಎಣಿಸಿ, ತಾನಾಗಿ ಉದುರಿದ ಕಾಳನ್ನು ಕಳೆಯಬೇಕು. ಮೊದಲ ಎರಡು ಓಟದ ನಂತರವೇ ಎಣಿಸಿ ನೋಡಿ, ಹೆಚ್ಚಿದ್ದರೆ ‘ಸ್ವಲ್ಪ ನಿಧಾನ ಮಾಡಿ ಅಣ್ಣಾ’ ಎಂದು ಚಾಲಕನಿಗೆ ಹೇಳಲು ಆಗಲೇ ಸಮಯ. ಎಲ್ಲ ಮುಗಿದ ಮೇಲೆ ಎಣಿಸಿದರೆ ಸಂಕಟವೊಂದೇ ಉಳಿಯುತ್ತದೆ.

ಗಂಟೆ ಲೆಕ್ಕ ಆರಿಸಿದವರು ಎಚ್ಚರ ವಹಿಸಬೇಕಾದದ್ದು ಕಾಯುವ ನಿಮಿಷಗಳ ಬಗ್ಗೆ. ಯಂತ್ರದ ತೊಟ್ಟಿ ತುಂಬಿದಾಗ ಟ್ರ್ಯಾಕ್ಟರ್ ಟ್ರೈಲರ್ ಬದುವಿನ ಬಳಿ ಇಲ್ಲದೆ ಇಂಜಿನ್ ಓಡುತ್ತಾ 10 ನಿಮಿಷ ನಿಂತರೆ 400 ರೂಪಾಯಿ ಹೋಯಿತು. ಬೆಳಗಿನ ಇಬ್ಬನಿ ಆರುವ ಮುನ್ನ ಯಂತ್ರ ಇಳಿಸಿದರೂ ಹಾಗೆಯೇ, ಒದ್ದೆ ಹುಲ್ಲು ಒಳಗೆ ಸುತ್ತಿಕೊಂಡು ಬಿಡಿಸಲು ನಿಲ್ಲಬೇಕಾಗುತ್ತದೆ. ಚೈನ್ ಯಂತ್ರವೋ ಟೈರ್ ಯಂತ್ರವೋ ಎಂಬ ಆಯ್ಕೆಗೂ ಇದೇ ಭಾಗಾಕಾರ ಸಾಕು: ಚೈನಿನದು ನಿಮಿಷಕ್ಕೆ 50, ಟೈರಿನದು 40 ಆದರೆ, ಟೈರ್ ಯಂತ್ರಕ್ಕೆ 60 ನಿಮಿಷ ಬೇಕಾದ ಕೆಲಸವನ್ನು ಚೈನ್ ಯಂತ್ರ 48 ನಿಮಿಷದೊಳಗೆ ಮುಗಿಸಿದರೆ ಮಾತ್ರ ಅದು ಅಗ್ಗ. ಒಣಗಿದ ಗಟ್ಟಿ ನೆಲದಲ್ಲಿ ಅಷ್ಟು ಅಂತರ ಸಿಗುವುದು ಕಷ್ಟ. ಕೆಸರು ಆರದ ಗದ್ದೆಯಲ್ಲಿ ಟೈರ್ ಹೂತುಹೋಗುವುದರಿಂದ ಅಲ್ಲಿ ಹೋಲಿಕೆಯ ಪ್ರಶ್ನೆಯೇ ಏಳುವುದಿಲ್ಲ.

ಕೊನೆಯದಾಗಿ, ಎರಡರಲ್ಲಿ ಒಂದನ್ನೇ ಆರಿಸಬೇಕೆಂಬ ಕಟ್ಟಳೆಯೇನೂ ಇಲ್ಲ. ನಕ್ಷೆಯಲ್ಲಿ 65 ನಿಮಿಷದವರೆಗೆ ಏರುವ ಗೆರೆ ಕೆಳಗಿದೆ, ಅಲ್ಲಿಂದಾಚೆ ಅಡ್ಡ ಗೆರೆ ಕೆಳಗಿದೆ. ‘ಗಂಟೆ ಲೆಕ್ಕವೇ ಇರಲಿ, ಆದರೆ ಎಕರೆಗೆ 2,900 ರೂಪಾಯಿ ದಾಟುವುದು ಬೇಡ’ ಎಂದು ಮಾತನಾಡಿದರೆ ನಮ್ಮ ಖರ್ಚು ಮೊದಲು ಏರುವ ಗೆರೆಯ ಮೇಲೆ ಸಾಗಿ, 72.5 ನಿಮಿಷದ ನಂತರ ಅಡ್ಡ ಗೆರೆಗೆ ಹೊರಳಿ ನಿಲ್ಲುತ್ತದೆ. ಒಳ್ಳೆಯ ಗದ್ದೆಯಿದ್ದರೆ 50 ನಿಮಿಷದ ಲಾಭ ನಮಗೆ, ದಾರಿಯಲ್ಲಿ ಏನಾದರೂ ಕೆಟ್ಟರೆ ನಷ್ಟಕ್ಕೊಂದು ಮಿತಿ. ಮಿತಿಯನ್ನು ಮಾಮೂಲಿ ಎಕರೆ ದರಕ್ಕಿಂತ 300 ರೂಪಾಯಿ ಮೇಲಿಟ್ಟಿರುವುದು ಯಂತ್ರದವರು ಹೊರುವ ಜವಾಬ್ದಾರಿಗೆ ಬೆಲೆಯಾಗಿ. ಕಳೆದ ಎರಡು ಹಂಗಾಮಿನಲ್ಲಿ ನಾವು ಹೀಗೆಯೇ ಮಾತನಾಡಿದ್ದೇವೆ. ಪೈರು ನಿಂತಿರುವಾಗ, ಹಣ್ಣಾಗಲು ಇನ್ನೂ ಹದಿನೈದು ದಿನ ಇರುವಾಗ ಕೇಳಿದರೆ ಒಪ್ಪುವವರು ಸಿಗುತ್ತಾರೆ.